ಬ್ರೇನ್ ಟ್ಯೂಮರ್ ಗ್ರೂಪ್: ಡಾಕ್ಟ್ರ ಜೊತೆ ಪ್ರಶ್ನೋತ್ತರ (ಎಂಜೈಮ್ ವಿಷಯ)

ರೇಖಾ: ಡಾಕ್ಟ್ರೇ, ನಮ್ಮ ಯಜಮಾನ್ರಿಗೆ ಗ್ಲಿಯೋಬ್ಲಾಸ್ಟೋಮಾ ಅನ್ನೋ ಮೆದುಳಿನ ಕ್ಯಾನ್ಸರ್. ಗಡ್ಡೆ ಪೂರ್ತಿ ತೆಗೆದ್ವಿ ಅಂದೋರೇ ಈಗ ಮತ್ತೆ ಬರಬಹುದು ಅಂತಾರೆ. ಹೆಂಗೆ?

ಡಾಕ್ಟರ್: ಪೂರ್ತಿ ಅಂದ್ರೆ ಎಂಆರ್‌ಐಲಿ ಕಂಡಷ್ಟು ಪೂರ್ತಿ ರೇಖಾ ಅವ್ರೇ. ಈ ಗಡ್ಡೆಯ ಜೀವಕೋಶಗಳು ಎಂಎಂಪಿ-2, ಎಂಎಂಪಿ-9, ಕ್ಯಾಥೆಪ್ಸಿನ್ ಬಿ ಥರ ಪ್ರೋಟೀನ್ ಕತ್ತರಿಸೋ ಎಂಜೈಮ್ ಬಿಟ್ಕೊಂಡು, ಸುತ್ತಲ ಪ್ರೋಟೀನ್ ಜಾಲ ಕಡ್ಕೊಂಡು ರಕ್ತನಾಳದ ಗುಂಟ, ನರತಂತುಗಳ ಗುಂಟ ಮೊದಲೇ ದೂರ ಹೋಗಿರ್ತವೆ. 1928ರಲ್ಲಿ ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ ಮೆದುಳಿನ ಬಲ ಅರ್ಧಾನೇ ತೆಗೆದು ನೋಡಿದ್ರು, ಆದ್ರೂ ಇದನ್ನ ಗೆಲ್ಲೋಕಾಗ್ಲಿಲ್ಲ.

ಮಂಜುನಾಥ: ಆ ಎಂಜೈಮ್ ತಡೆಯೋ ಮಾತ್ರೆ ಇಲ್ವಾ ಸಾರ್?

ಡಾಕ್ಟರ್: ಮಾರಿಮಾಸ್ಟ್ಯಾಟ್ ಅಂತ ಟ್ರಯಲ್ ಮಾಡಿದ್ರು. ಆಯುಷ್ಯ ಹೆಚ್ಚಲಿಲ್ಲ, ಕೀಲುನೋವು ಬಂತು.

ಸುಮಾ: ಫಾರ್ವರ್ಡ್ ಬಂದಿದೆ, ಅನಾನಸ್ ದಿಂಡಿನ ಬ್ರೋಮೆಲಿನ್ ಗಡ್ಡೆ ಕರಗಿಸುತ್ತೆ, ಸ್ಟೆರಾಯ್ಡ್ ಬಿಟ್ಬಿಡಿ ಅಂತ. ನಿಜಾನಾ?

ಡಾಕ್ಟರ್: ಸುಳ್ಳು. ಹೋದ ವಾರಾನೂ ಹೇಳಿದೀನಿ.

ಅಶ್ವಿನಿ: ಸರ್ ನಾವು ಅದೇ ಮೆಸೇಜ್ ನೋಡಿ ಅಪ್ಪನ ಸ್ಟೆರಾಯ್ಡ್ ಮಾತ್ರೆ ಡೆಕ್ಸಾ ನಿಲ್ಲಿಸಿದ್ವಿ, ರೇಡಿಯೇಶನ್ ನಡೀತಿದೆ, ಬೆಳಿಗ್ಗೆಯಿಂದ ತಲೆನೋವು ವಾಂತಿ, ಕರೆದ್ರೆ ಕಣ್ಣು ಬಿಟ್ಟು ಮತ್ತೆ ನಿದ್ದೆಗೆ ಜಾರ್ತಾರೆ

ಡಾಕ್ಟರ್: ಅಶ್ವಿನಿ, ಈಗಲೇ 108ಕ್ಕೆ ಫೋನ್ ಮಾಡಿ, ನಾಳೆ ಓಪಿಡಿ ಅಂತ ಕಾಯ್ಬೇಡಿ. ಗಡ್ಡೆಯ ರಕ್ತನಾಳದ ಗೋಡೇಲಿರೋ ಕಾಲಜನ್ ಪದರಾನ ಎಂಎಂಪಿ-9 ಕಡೀತಾ ಇರುತ್ತೆ, ಅಲ್ಲಿಂದ ನೀರು ಸೋರಿ ಮೆದುಳು ಬಾವು ಬರುತ್ತೆ, ಬುರುಡೆ ಹಿಗ್ಗಲ್ಲ, ಒಳಗೆ ಒತ್ತಡ ಏರುತ್ತೆ. ಡೆಕ್ಸಾ ತಡೀತಿದ್ದಿದ್ದು ಆ ಸೋರಿಕೆನ. ಜೊತೆಗೆ, ವಾರಗಟ್ಟಲೆ ತಗೊಂಡೋರಲ್ಲಿ ದೇಹ ತನ್ನದೇ ಸ್ಟೆರಾಯ್ಡ್ ಮಾಡೋದು ಕಮ್ಮಿ ಮಾಡಿರುತ್ತೆ, ದಿಢೀರ್ ನಿಲ್ಲಿಸಿದ್ರೆ ಬಿಪಿನೂ ಬೀಳಬಹುದು. ಮನೇಲಿ ಡಬಲ್ ಡೋಸ್ ಕೊಡೋಕೆ ಹೋಗ್ಬೇಡಿ, ಮಂಪರಲ್ಲಿರೋರ ಬಾಯಿಗೆ ನೀರೂ ಹಾಕ್ಬೇಡಿ, ಒಂದು ಮಗ್ಗುಲಿಗೆ ಮಲಗ್ಸಿ. ಎಷ್ಟು ಎಂಜಿ ಇತ್ತು, ಯಾವತ್ತು ಬಿಟ್ರಿ, ಬರ್ಕೊಳ್ಳಿ.

ಗಿರೀಶ್: ಸ್ಟೆರಾಯ್ಡ್ ಮಾರೋರು ಇನ್ನೇನ್ ಹೇಳ್ತಾರೆ. ನಮ್ ಭಾವಂಗೆ ಅನಾನಸ್ಸಲ್ಲೇ ವಾಸಿ ಆಯ್ತು.

ಮಂಜುನಾಥ: ಯಾವ ಗಡ್ಡೆ?

ಗಿರೀಶ್: ಕುತ್ತಿಗೇದು.

ಮಂಜುನಾಥ: ಕುತ್ತಿಗೇದಾ! ಸ್ವಾಮಿ, ಬ್ರೋಮೆಲಿನ್ನೂ ಪ್ರೋಟೀನ್ ಕತ್ತರಿಸೋ ಎಂಜೈಮೇ. ಗಡ್ಡೆ ಮಾಡೋ ಕೆಲಸಾನೇ ಔಷಧಿ ಅಂತೀರಲ್ಲ.

ಗಿರೀಶ್: ಓದ್ಕೊಂಡೋರು ನೀವೊಬ್ರೇ ಅಲ್ಲ ಬಿಡ್ರೀ. ಮಾತು ನೆಟ್ಟಗಿರ್ಲಿ.

ಡಾಕ್ಟರ್: ಇಬ್ರೂ ನಿಲ್ಲಿಸ್ರಿ. ಅಶ್ವಿನಿ ಮೆಸೇಜ್ ಮೇಲೆ ಹೋಗ್ಬಿಡುತ್ತೆ.

ಸುಮಾ: ಹಂಗಾದ್ರೆ ಪರಂಗಿ ಎಲೆ ರಸ ಸರ್?

ಡಾಕ್ಟರ್: ಬೇಡ.

ಅಶ್ವಿನಿ: ಆಂಬುಲೆನ್ಸ್ ಬಂತು ಸರ್

ಡಾಕ್ಟರ್: ಹಳೇ ಎಂಆರ್‌ಐ ಸಿಡಿ, ಡಿಸ್ಚಾರ್ಜ್ ಸಮ್ಮರಿ ತಗೊಂಡ್ರಾ?