ಅಪ್‌ಡೇಟ್: ಯಹೂದಿ ಗೆಳತಿಯ ಸಮಿತಿ ಸಭೆಗೆ ಹೋಗಿಬಂದೆ

ಮೊನ್ನೆ ಕೇಳಿದ್ದೆನಲ್ಲ, ನ್ಯೂಯಾರ್ಕ್‌ನ ನಮ್ಮ ಆಫೀಸಿನ ಯಹೂದಿ ಗೆಳತಿ ತನ್ನ ಸಮುದಾಯದ ಯುವ ದೇಣಿಗೆ ಸಮಿತಿಯ ಸಭೆಗೆ ಕರೆದಿದ್ದಾಳೆ, ಹೋಗಲೇ ಅಂತ. ಹೋದರೆ ದುಡ್ಡು ಕೇಳುತ್ತಾರೆ ಅಂತ ನೀವು ಹೆದರಿಸಿದ್ದಿರಿ, ಆದರೂ ಹೋದೆ. ಭಾಷಣ ಕಮ್ಮಿ, ಲೆಕ್ಕ ಜಾಸ್ತಿ. ಗೆಳತಿಗೆ ವಯಸ್ಸು ಮೂವತ್ತೂ ದಾಟಿಲ್ಲ, ಬಜೆಟ್ ಪ್ರಶ್ನೆಗಳಲ್ಲಿ ಹಿರಿಯರನ್ನೇ ತಬ್ಬಿಬ್ಬು ಮಾಡಿದಳು!

ಯಹೂದಿಗಳ 'ತ್ಸೆದಾಕಾ' ಬರೀ ದಾನವಲ್ಲವಂತೆ. ಪದದ ಬೇರು ನ್ಯಾಯದಲ್ಲಿದೆ, ಕೊಡುವುದು ಕರ್ತವ್ಯ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಅದಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕೂ ಮೇಲಿನದು, ಸಾಲವನ್ನೋ ಕೆಲಸವನ್ನೋ ಕೊಟ್ಟು ಮನುಷ್ಯನನ್ನು ಅವನ ಕಾಲ ಮೇಲೆ ನಿಲ್ಲಿಸುವುದು. ಇಲ್ಲಿನ ಹೀಬ್ರೂ ಫ್ರೀ ಲೋನ್ ಸೊಸೈಟಿ 1892ರಲ್ಲಿ ಶುರುವಾಗಿದ್ದೇ ಬಡ್ಡಿಯಿಲ್ಲದ ಸಾಲಕ್ಕೆ. ಈಗ ಯಹೂದಿಗಳಲ್ಲದವರಿಗೂ ಕೊಡುತ್ತದೆ.

ನೀವು ಹೆದರಿಸಿದಂತೆ ಯಾರೂ ನನ್ನ ಮುಂದೆ ಕೈಚಾಚಲಿಲ್ಲ. ನಾನೇ ಲೆಕ್ಕಪತ್ರ ನೋಡಿಕೊಡಲು ಹೆಸರು ಕೊಟ್ಟುಬಂದೆ.