ಸಹಾಯ ಬೇಕು: ‘ಶರ್ಲಿ ವ್ಯಾಲಂಟೈನ್’ ಪ್ರದರ್ಶನಗಳ ದಾಖಲೆ, ಜೊತೆಗೆ ರಂಗದ ಮೇಲಿನ ಒಲೆ

ಗೆಳೆಯರೇ, ವಿಲ್ಲಿ ರಸೆಲ್ ಅವರ ಈ ಏಕವ್ಯಕ್ತಿ ನಾಟಕದ ರಂಗ ಇತಿಹಾಸ ಜೋಡಿಸುತ್ತಿದ್ದೇವೆ. ಅಡುಗೆಮನೆಯ ಗೋಡೆಯ ಜೊತೆ ಮಾತಾಡುವ ಲಿವರ್‌ಪೂಲ್ ಗೃಹಿಣಿಯ ಕಥೆ. 1986ರಲ್ಲಿ ಲಿವರ್‌ಪೂಲ್‌ನ ಎವ್ರಿಮನ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. 1988ರಲ್ಲಿ ಲಂಡನ್ನಿನ ವಾಡ್‌ವಿಲ್ ರಂಗಮಂದಿರದಲ್ಲಿ ನಟಿ ಪಾಲಿನ್ ಕಾಲಿನ್ಸ್, ನಿರ್ದೇಶನ ಸೈಮನ್ ಕ್ಯಾಲೊ. 1989ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ, ಕಾಲಿನ್ಸ್‌ಗೆ ರಂಗಭೂಮಿಯ ಟೋನಿ ಪ್ರಶಸ್ತಿ. ಅದೇ ವರ್ಷದ ಸಿನಿಮಾವನ್ನು ದಯವಿಟ್ಟು ಬೆರೆಸಬೇಡಿ. ಅಲ್ಲಿ ಗಂಡ, ಮಗಳು ಎಲ್ಲರೂ ಕಾಣಿಸುತ್ತಾರೆ. ನಾಟಕದಲ್ಲಿ ಅವರೆಲ್ಲ ಅವಳ ಮಾತಿನಲ್ಲೇ ಬರಬೇಕು.

ಬೆಂಗಳೂರಿನಲ್ಲಿ, ಯಾವ ಭಾಷೆಯಲ್ಲೇ ಆಗಲಿ, ಇದನ್ನು ನೋಡಿದವರು ಕರಪತ್ರ ಅಥವಾ ಟಿಕೆಟ್‌ನ ಫೋಟೊ ಹಾಕಿ. ತಾರೀಖು, ರಂಗಮಂದಿರ, ನಿರ್ದೇಶಕರ ಹೆಸರು ಓದುವಂತಿರಲಿ. ‘ಕಲಾಕ್ಷೇತ್ರದಲ್ಲೋ ರಂಗಶಂಕರದಲ್ಲೋ’ ಎಂಬ ನೆನಪು ದಾಖಲೆಗೆ ಸಾಲದು.

ಎರಡನೆಯದು, ಬೆಳಕು ಮತ್ತು ರಂಗಸಜ್ಜಿಕೆಯವರಿಗೆ. ಮೊದಲ ದೃಶ್ಯದಲ್ಲಿ ಅವಳು ಮಾತಾಡುತ್ತಲೇ ನಿಜವಾಗಿ ಆಲೂಗಡ್ಡೆ ಚಿಪ್ಸ್, ಮೊಟ್ಟೆ ಕರಿಯುತ್ತಾಳೆ. ನಮ್ಮ ಯೋಚನೆ: ತೆರೆಯ ಹಿಂದೆ 160 ಡಿಗ್ರಿಯಲ್ಲಿ 5 ನಿಮಿಷ ಅರೆಬೇಯಿಸಿ, ಒರೆಸಿ ಒಣಗಿಸಿ, ರಂಗದ ಮೇಲೆ 180ರಲ್ಲಿ 2–3 ನಿಮಿಷ. ತೇವ ಉಳಿದರೆ ಎಣ್ಣೆ ಸಿಡಿಯುತ್ತದೆ. ಒಂದೇ ಸಲ ತುಂಬಾ ಹಾಕಿದರೆ ಎಣ್ಣೆ ತಣಿದು ಚಿಪ್ಸ್ ಮೆತ್ತಗಾಗಿ, ಮಾತಿನ ಲೆಕ್ಕವೂ ತಪ್ಪುತ್ತದೆ. 2000 ವಾಟ್ ಇಂಡಕ್ಷನ್ ಒಲೆಯನ್ನು ಡಿಮ್ಮರ್ ಲೈನಿಗೆ (ರಂಗದ ದೀಪಗಳ ಬೆಳಕು ಹೆಚ್ಚು-ಕಡಿಮೆ ಮಾಡುವ ವಿದ್ಯುತ್ ಲೈನಿಗೆ) ಕೊಡುವ ಹಾಗಿಲ್ಲ, 16 ಆಂಪ್‌ನ ಬೇರೆ ಸಾಕೆಟ್ ಬೇಕು. ನಗರದ ಯಾವ ಸಭಾಂಗಣದಲ್ಲಿ ಅದು ವೇದಿಕೆಯ ಪಕ್ಕದಲ್ಲೇ ಇದೆ? ಹೊಗೆ ಪತ್ತೆ ಯಂತ್ರಕ್ಕೆ ಏನು ಮಾಡುತ್ತೀರಿ?