ಮುಚ್ಚಳ ಮತ್ತು ತಳ ಕೂಡುವ ಗೆರೆ ಏರುಪೇರು: ಅಚ್ಚು ತಿದ್ದಿಸಬೇಕಾ?

ಪ್ರಶ್ನೆ: ಎಬಿಎಸ್ (ಒಂದು ಗಟ್ಟಿ ಪ್ಲಾಸ್ಟಿಕ್) ಡಬ್ಬಿ, ಗೋಡೆ 2 ಮಿ.ಮೀ. ಡ್ರಾಯಿಂಗಿನಲ್ಲಿ ಎರಡೂ ಸಮಮಟ್ಟ. ಮಾದರಿಯಲ್ಲಿ ಒಂದು ಬದಿ 0.2 ಮಿ.ಮೀ. ಹೊರಗೆ, ಉಗುರಿಗೆ ಸಿಗುತ್ತೆ.

ಉತ್ತರ 1: ಸಮಮಟ್ಟದ ಆಸೆ ಬಿಡಿ. ಎಬಿಎಸ್ ತಣಿಯುವಾಗ ಸುಮಾರು ಅರ್ಧ ಶೇಕಡಾ ಕುಗ್ಗುತ್ತೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಕೂಡುವಲ್ಲಿ ಸುತ್ತಲೂ 0.5 ಮಿ.ಮೀ. ಸಂದು ಬೇಕಂತಲೇ ಕೊಡಿ. ನೆರಳು ಬಿದ್ದರೆ ಏರುಪೇರು ಕಣ್ಣಿಗೆ ಬೀಳಲ್ಲ. ಬಾಗಿಲ ಚೌಕಟ್ಟು ಗಾರೆಗೆ ಸೇರುವಲ್ಲಿ 10 ಮಿ.ಮೀ. ತೋಡು ಬಿಡುವುದೂ ಇದಕ್ಕೇ.

ಉತ್ತರ 2: ಸಂದು ಸರಿ, ಆದರೆ ಅದಕ್ಕಾಗಿ ಪ್ಲಾಸ್ಟಿಕ್ ಕಮ್ಮಿ ಮಾಡೋಕೆ ಅಚ್ಚಿಗೆ ಉಕ್ಕು ಸೇರಿಸಬೇಕು, ಅಂದರೆ ವೆಲ್ಡಿಂಗ್ ತಲೆನೋವು. ಮುಂದಿನ ಸಲ ಸಂದು ಅಗಲವಾಗಿಟ್ಟೇ ಶುರುಮಾಡಿ. ಅಚ್ಚಿನ ಉಕ್ಕು ಕೊರೆದರೆ ಪ್ಲಾಸ್ಟಿಕ್ ಹೆಚ್ಚಿ ಸಂದು ಕಿರಿದಾಗುತ್ತೆ, ಅದು ಸುಲಭ. ಒಳಗೆ ನಾಲಿಗೆ-ತೋಡೂ (ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂರುವ ಜೋಡಣೆ) ಇರಲಿ, ಇಲ್ಲದಿದ್ದರೆ ಉದ್ದ ಗೋಡೆ ಬಾಗುತ್ತೆ.

ಉತ್ತರ 3: ಮೂಲೆಯನ್ನೂ ನೋಡಿ. ಹೊರ ತ್ರಿಜ್ಯ 6 ಆದರೆ ಒಳಗಿನದು 4 ಇರಬೇಕು. ಎರಡೂ 6 ಇಟ್ಟರೆ ಮೂಲೆ ದಪ್ಪವಾಗಿ, ಹೊರಮೈ ಕುಳಿ ಬೀಳುತ್ತೆ.